ಕಲಬುರಗಿ ಬಿಸಿಲಿಗೂ ನಿಮ್ಮ ಕೆಲಸಕ್ಕೂ ಒಗ್ಗುವ ಮೊಬೈಲ್ ಆರಿಸುವುದು ಹೇಗೆ?

ಮೊಬೈಲ್ ಅಂಗಡಿಯ ಮೆಟ್ಟಿಲು ಹತ್ತಿದ ಕೂಡಲೇ ಬರುವ ಮೊದಲ ಪ್ರಶ್ನೆ: ‘ಬಜೆಟ್ ಎಷ್ಟದ್ರಿ ಅಣ್ಣಾರ?’ ಹನ್ನೆರಡು ಸಾವಿರ ಎಂದರೆ ಹದಿನೈದರದ್ದು ಕೌಂಟರ್ ಮೇಲೆ ಬರುತ್ತದೆ, ಹದಿನೈದು ಎಂದರೆ ಹದಿನೆಂಟರದ್ದು. ಆಮೇಲೆ ಶುರು: ‘108 ಮೆಗಾಪಿಕ್ಸೆಲ್ ಅದ ನೋಡ್ರಿ, 16 ಜಿಬಿ ರ‍್ಯಾಮ್ ಅದ, 5ಜಿ ಅದ, ಇನ್ನೇನ್ ಬೇಕ್ರಿ?’ ಈ ಅಂಕಿಗಳು ಪೂರ್ತಿ ಸುಳ್ಳಲ್ಲ. ಆದರೆ ಜೇವರ್ಗಿಯ ಹೊಲದಲ್ಲಿ ಮಧ್ಯಾಹ್ನ ಒಂದಕ್ಕೆ ಪರದೆ ಕಾಣದಿದ್ದರೆ, ಔರಾದ್ ಕಡೆಯ ತಾಂಡಾದಲ್ಲಿ ಕರೆ ಕಟ್ಟಾಗುತ್ತಿದ್ದರೆ, ಮೇ ತಿಂಗಳಲ್ಲಿ ಚಾರ್ಜ್ ಏರುವುದೇ ನಿಂತರೆ, ಆ 108 ಇಟ್ಟುಕೊಂಡು ಏನು ಮಾಡುವುದು? ಕಲಬುರಗಿ, ಬೀದರ್, ಯಾದಗಿರಿ ಈ ಮೂರು ಜಿಲ್ಲೆಗಳಲ್ಲಿ ಫೋನ್ ಕೊಳ್ಳುವವರು ಡಬ್ಬಿಯ ಮೇಲಿನ ಅಂಕಿಗಳನ್ನು ಕೊನೆಗೆ ಓದಬೇಕು. ಮೊದಲು ಓದಬೇಕಾದದ್ದು ತಮ್ಮ ದಿನಚರಿಯನ್ನು, ಊರಿನ ನೆಟ್‌ವರ್ಕನ್ನು, ನೆತ್ತಿ ಸುಡುವ ಬಿಸಿಲನ್ನು.

ಹಳೆ ಫೋನನ್ನೇ ಮೊದಲು ಕೇಳಿ

ಸೆಟ್ಟಿಂಗ್ಸ್‌ನಲ್ಲಿ ‘ಡಿಜಿಟಲ್ ವೆಲ್‌ಬೀಯಿಂಗ್’ ತೆರೆಯಿರಿ. ಯಾವ ಆ್ಯಪ್‌ನಲ್ಲಿ ದಿನಕ್ಕೆ ಎಷ್ಟು ಹೊತ್ತು ಕಳೆಯುತ್ತೀರಿ ಎಂಬುದು ನಿಮಿಷದ ಲೆಕ್ಕದಲ್ಲಿ ಸಿಗುತ್ತದೆ. ‘ನಾ ಆಟ ಆಡೋದೇ ಇಲ್ಲ’ ಅನ್ನುವವರ ಬಂಡವಾಳವೂ ಇಲ್ಲೇ ಬಯಲಾಗುತ್ತದೆ. ‘ಸ್ಟೋರೇಜ್’ ತೆರೆದು ಎಷ್ಟು ಜಿಬಿ ತುಂಬಿದೆ, ಅದರಲ್ಲಿ ವಾಟ್ಸ್‌ಆ್ಯಪ್ ಪಾಲೆಷ್ಟು ನೋಡಿ. ಮೂರ‍್ನಾಲ್ಕು ದಿನ ಸಂಜೆ ನಾಲ್ಕಕ್ಕೆ ಬ್ಯಾಟರಿ ಎಷ್ಟು ಉಳಿದಿದೆ ಎಂದು ಬರೆದಿಡಿ. ಕೊನೆಗೆ ಒಂದು ಚೀಟಿಯಲ್ಲಿ ಎರಡು ಸಾಲು: ಹಳೆ ಫೋನಿನಲ್ಲಿ ತಲೆ ಕೆಡಿಸಿದ್ದು ಏನು, ಹೊಸದರಲ್ಲಿ ಇಲ್ಲದಿದ್ದರೆ ಕೆಲಸವೇ ನಡೆಯದು ಅನ್ನುವಂಥದ್ದು ಏನು.

ಒಬ್ಬೊಬ್ಬರ ಚೀಟಿ ಒಂದೊಂದು ಥರ ಇರುತ್ತದೆ. ತೊಗರಿ ಬೆಳೆಯುವವರಿಗೆ ಬೆಳೆ ಸಮೀಕ್ಷೆ ಆ್ಯಪ್‌ನಲ್ಲಿ ಹೊಲದ ಫೋಟೊ ತೆಗೆಯಲು, ದಿಶಾಂಕ್ ಆ್ಯಪ್‌ನಲ್ಲಿ ಸರ್ವೆ ನಂಬರಿನ ಬಾಂದು ನೋಡಲು ಒಳ್ಳೆಯ ಜಿಪಿಎಸ್ ಬೇಕು, ಬಿಸಿಲಲ್ಲಿ ಕಾಣುವ ಪರದೆ ಬೇಕು. ಪೋಷಣ್ ಟ್ರ್ಯಾಕರ್ ತುಂಬುವ ಅಂಗನವಾಡಿ ಕಾರ್ಯಕರ್ತೆಗೆ ಮುಖ ಗುರುತಿಸುವಷ್ಟು ಸ್ಪಷ್ಟ ಕ್ಯಾಮೆರಾ ಮತ್ತು ನಡುವೆ ನಿಲ್ಲದ ರ‍್ಯಾಮ್ ಬೇಕು. ಆಟೊ ಓಡಿಸುವವರಿಗೆ ದಿನವಿಡೀ ಬಾಳುವ ಬ್ಯಾಟರಿ, ಗದ್ದಲದಲ್ಲೂ ಕೇಳುವ ಸ್ಪೀಕರ್. ಅಜ್ಜ-ಅಜ್ಜಿಗೆ ದೊಡ್ಡ ಅಕ್ಷರ, ಜೋರು ಗಂಟೆ. ಅಷ್ಟಾದರೆ ಎಂಟು ಸಾವಿರದ ಫೋನಿನಲ್ಲೂ ಕೆಲಸ ಮುಗಿಯುತ್ತದೆ. ನಿಮ್ಮ ಚೀಟಿಯ ಮೊದಲ ಎರಡು ಬೇಡಿಕೆಗಳಿಗೆ ದುಡ್ಡು ಸುರಿಯಿರಿ, ಮೂರನೆಯದಕ್ಕೆ ಹೊಂದಾಣಿಕೆ ಮಾಡಿಕೊಳ್ಳಿ.

ಊರಲ್ಲಿ ಯಾವ ಸಿಗ್ನಲ್?

ಐವತ್ತು ಸಾವಿರದ ಫೋನಾದರೂ ಟವರ್ ಇಲ್ಲದ ಕಡೆ ಕಲ್ಲು. ಮನೆಯಲ್ಲಿ, ಹೊಲದಲ್ಲಿ, ಕೆಲಸದ ಜಾಗದಲ್ಲಿ ಯಾವ ಕಂಪನಿಯ ಸಿಮ್ ನಡೆಯುತ್ತದೆ ಎಂದು ಮೊದಲು ಅಳೆಯಿರಿ. ಗೆರೆಗಳನ್ನು ನಂಬಬೇಡಿ, ಒಂದೊಂದು ಕಂಪನಿ ಒಂದೊಂದು ಲೆಕ್ಕದಲ್ಲಿ ಗೆರೆ ತೋರಿಸುತ್ತದೆ. ಸೆಟ್ಟಿಂಗ್ಸ್, ಅಬೌಟ್ ಫೋನ್, ಸಿಮ್ ಸ್ಟೇಟಸ್ ಎಂದು ಒಳಗೆ ಹೋದರೆ ‘ಸಿಗ್ನಲ್ ಸ್ಟ್ರೆಂತ್’ ಎದುರು ಮೈನಸ್ ಚಿಹ್ನೆಯ ಅಂಕಿ ಕಾಣುತ್ತದೆ. 4ಜಿಯಲ್ಲಿ −90 ಅಥವಾ ಅದಕ್ಕಿಂತ ಸೊನ್ನೆಗೆ ಹತ್ತಿರವಿದ್ದರೆ ಚೆನ್ನ. −105 ದಾಟಿದರೆ ಡೇಟಾ ತೆವಳುತ್ತದೆ, −115ಕ್ಕೆ ಕರೆ ಕಟ್ಟಾಗುತ್ತದೆ.

ಇಲ್ಲಿ ‘ಬ್ಯಾಂಡ್’ ಅನ್ನುವ ಮಾತು ತಿಳಿದಿರಬೇಕು. ಟವರ್ ಯಾವ ತರಂಗಾಂತರದಲ್ಲಿ ಮಾತಾಡುತ್ತದೋ ಅದು ಫೋನಿಗೂ ಬರಬೇಕು. ಬಿಎಸ್‌ಎನ್‌ಎಲ್ 4ಜಿ ಹಳ್ಳಿಗಳಲ್ಲಿ 700 ಮೆಗಾಹರ್ಟ್ಸ್, ಅಂದರೆ ಬ್ಯಾಂಡ್ 28ರ ಮೇಲೂ ನಡೆಯುತ್ತದೆ; ಹಳೆಯ ಎಷ್ಟೋ ಫೋನುಗಳಲ್ಲಿ ಈ ಬ್ಯಾಂಡ್ ಇಲ್ಲ. ಜಿಯೊಗೆ 2ಜಿ, 3ಜಿ ಎಂಬುದೇ ಇಲ್ಲ, ಹಾಗಾಗಿ 4ಜಿ ಮೇಲೆಯೇ ಮಾತು ಒಯ್ಯುವ ವೋಲ್ಟ್‌ಇ ಇಲ್ಲದ ಫೋನಿನಲ್ಲಿ ನೇರ ಕರೆ ಹೋಗದು. ಅದರ 5ಜಿ ‘ಸ್ಟ್ಯಾಂಡ್‌ಅಲೋನ್’ ಬಗೆಯದು, ಅಂದರೆ 4ಜಿಯ ಆಸರೆ ಇಲ್ಲದೆ ನಡೆಯುವಂಥದ್ದು; ಎನ್28 ಮತ್ತು ಎನ್78 ಬ್ಯಾಂಡ್‌ಗಳಲ್ಲಿ ಬರುತ್ತದೆ. 700 ಮೆಗಾಹರ್ಟ್ಸ್‌ನ ಎನ್28 ದೂರ ಹೋಗುತ್ತದೆ, ಗೋಡೆ ತೂರುತ್ತದೆ. ಎನ್78 ವೇಗ ಹೆಚ್ಚು, ಆದರೆ ದೂರ ಕಡಿಮೆ. ದೇಶದಲ್ಲಿ 5ಜಿ ಶುರುವಾದದ್ದು 2022ರ ಅಕ್ಟೋಬರ್ 1ರಂದು. ಅದಕ್ಕಿಂತ ಮುಂಚಿನ ‘5ಜಿ’ ಫೋನುಗಳಲ್ಲಿ ಕೆಲವಕ್ಕೆ ಒಂದೆರಡೇ ಬ್ಯಾಂಡ್. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಎಡವುವುದು ಇಲ್ಲೇ. ಮಾಡೆಲ್ ಹೆಸರು ಹಾಕಿ ಕಂಪನಿಯ ಜಾಲತಾಣದಲ್ಲಿ ಬ್ಯಾಂಡ್ ಪಟ್ಟಿ ನೋಡಿ: 4ಜಿಗೆ 1, 3, 5, 8, 28, 40 ಇರಲಿ, 5ಜಿಗೆ ಎನ್28, ಎನ್78 ಇರಲೇಬೇಕು.

ಶಹಾಬಾದ್ ಕಲ್ಲಿನ ದಪ್ಪ ಗೋಡೆಯ ಹಳೆ ಮನೆಯೊಳಗೆ ಸಿಗ್ನಲ್ ಸಾಯುತ್ತಿದ್ದರೆ, ಮನೆಯಲ್ಲಿ ವೈಫೈ ಇದ್ದರೆ, ‘ವೈಫೈ ಕಾಲಿಂಗ್’ ಇರುವ ಫೋನ್ ತೆಗೆದುಕೊಳ್ಳಿ. ಅಂಗಳಕ್ಕೆ ಓಡಿ ಬಂದು ‘ಹಲೋ ಹಲೋ’ ಅನ್ನುವುದು ತಪ್ಪುತ್ತದೆ.

ಇನ್ನೊಂದು: ಬೀದರ್‌ನವರಿಗೆ ಮಹಾರಾಷ್ಟ್ರ, ಗುರುಮಠಕಲ್‌ನವರಿಗೆ ತೆಲಂಗಾಣ ಹತ್ತಿರ. ಎರಡು ಸಿಮ್ ಇಟ್ಟುಕೊಳ್ಳುವವರು ಹೆಚ್ಚು. ಸಿಮ್ ಟ್ರೇ ‘ಹೈಬ್ರಿಡ್’ ಆಗಿದ್ದರೆ ಎರಡನೇ ಸಿಮ್ ಮತ್ತು ಮೆಮೊರಿ ಕಾರ್ಡ್‌ನಲ್ಲಿ ಒಂದನ್ನೇ ಹಾಕಲು ಬರುತ್ತದೆ. ಟ್ರೇ ಹೊರಗೆಳೆಸಿ ಕಣ್ಣಾರೆ ನೋಡಿ.

ಬ್ಯಾಟರಿ, ಮತ್ತು 43 ಡಿಗ್ರಿ

ಲಿಥಿಯಂ ಅಯಾನ್ ಬ್ಯಾಟರಿಯನ್ನು ಚಾರ್ಜ್ ಮಾಡಲು ಸುರಕ್ಷಿತವಾದ ಉಷ್ಣತೆ 0ಯಿಂದ 45 ಡಿಗ್ರಿ. ಏಪ್ರಿಲ್-ಮೇನಲ್ಲಿ ನಮ್ಮ ಕಡೆ ಗಾಳಿಯೇ 42, 43 ಮುಟ್ಟುತ್ತದೆ. ಚಾರ್ಜ್ ಆಗುವಾಗ ಬ್ಯಾಟರಿ ತಾನೇ ಕೆಲವು ಡಿಗ್ರಿ ಬಿಸಿಯಾಗುತ್ತದೆ. ಎರಡೂ ಸೇರಿದರೆ ಗಡಿ ದಾಟಿತು. ಆಗ ಫೋನ್ ತಾನಾಗಿಯೇ ಚಾರ್ಜಿಂಗ್ ನಿಧಾನ ಮಾಡುತ್ತದೆ, ಇಲ್ಲವೇ ನಿಲ್ಲಿಸುತ್ತದೆ, ಪರದೆಯ ಬೆಳಕು ಇಳಿಸುತ್ತದೆ, ಕ್ಯಾಮೆರಾ ಮುಚ್ಚುತ್ತದೆ. ‘ಹೊಸ ಫೋನ್ ಕೆಟ್ಟದ’ ಎಂದು ಸರ್ವಿಸ್ ಸೆಂಟರ್‌ಗೆ ಓಡುವ ಮುನ್ನ ಕವರ್ ತೆಗೆದು ಅರ್ಧ ಗಂಟೆ ಫ್ಯಾನ್ ಕೆಳಗಿಟ್ಟು ನೋಡಿ. ಫ್ರಿಜ್‌ನಲ್ಲಿ ಮಾತ್ರ ಇಡಬೇಡಿ, ತಣ್ಣಗಾದ ಫೋನ್ ಹೊರಗೆ ತೆಗೆದ ಕ್ಷಣ ಗಾಳಿಯ ತೇವ ಒಳಗೆ ಹನಿಗಟ್ಟುತ್ತದೆ.

ಆದ್ದರಿಂದ ಇಲ್ಲಿ ಬ್ಯಾಟರಿ ಆರಿಸುವಾಗ ನೋಡಬೇಕಾದ್ದು ಬರೀ ಎಂಎಎಚ್ ಅಲ್ಲ. 5,000 ಕನಿಷ್ಠ ಎಂದಿಟ್ಟುಕೊಳ್ಳಿ. ಹೊರಗೆ ದುಡಿಯುವವರಿಗೆ 6,000 ಅಥವಾ ಮೇಲೆ. ಸಿಲಿಕಾನ್-ಕಾರ್ಬನ್ ಬಗೆಯ ಹೊಸ ಬ್ಯಾಟರಿಗಳಿಂದ 6,500, 7,000ದ ಫೋನುಗಳೂ ತೀರಾ ದಪ್ಪವಾಗದೆ ಬರುತ್ತಿವೆ. ಎರಡನೆಯದು ಫೋನಿನ ಮಿದುಳಾದ ಚಿಪ್ ಎಷ್ಟು ನ್ಯಾನೊಮೀಟರ್‌ದು ಎಂಬುದು. ಸಂಖ್ಯೆ ಸಣ್ಣದಾದಷ್ಟೂ ಅದೇ ಕೆಲಸಕ್ಕೆ ಕರೆಂಟ್ ಕಡಿಮೆ, ಬಿಸಿ ಕಡಿಮೆ. ಒಂದೇ ಬೆಲೆಗೆ 6 ನ್ಯಾನೊಮೀಟರ್ ಚಿಪ್‌ನದ್ದು, 4 ನ್ಯಾನೊಮೀಟರ್ ಚಿಪ್‌ನದ್ದು ಎರಡೂ ಸಿಕ್ಕರೆ ನಮ್ಮ ಬಿಸಿಲಿಗೆ 4ರದ್ದೇ ವಾಸಿ.

ಮೂರನೆಯದು ಚಾರ್ಜರ್. ಕರೆಂಟ್ ಬಂದು ಹೋಗುವ ಊರಿನವರು ವ್ಯಾಟ್ ಲೆಕ್ಕ ಹಾಕಬೇಕು. 5,000 ಎಂಎಎಚ್ ಬ್ಯಾಟರಿ ಅಂದರೆ ಸುಮಾರು 19 ವ್ಯಾಟ್-ಅವರ್. 10 ವ್ಯಾಟ್ ಚಾರ್ಜರ್‌ಗೆ ಅದನ್ನು ತುಂಬಲು ಎರಡೂವರೆ ಗಂಟೆಗೂ ಹೆಚ್ಚು ಬೇಕು, 18 ವ್ಯಾಟ್‌ಗೆ ಎರಡು ಗಂಟೆ, 33 ವ್ಯಾಟ್‌ಗೆ ಒಂದು ಗಂಟೆಯ ಮೇಲೊಂದಿಷ್ಟು. ಸಂಜೆ ಒಂದೇ ತಾಸು ಕರೆಂಟ್ ಇರುವ ಕಡೆ 33 ವ್ಯಾಟ್ ಇದ್ದರೆ ಮರುದಿನ ಸಂಜೆಯವರೆಗೆ ನಡೆಯುತ್ತದೆ. ಅದರಾಚೆಯ 80, 120 ವ್ಯಾಟ್‌ಗೆ ಹೆಚ್ಚು ದುಡ್ಡು ಕೊಡುವ ಅಗತ್ಯ ಇಲ್ಲಿ ಕಾಣುವುದಿಲ್ಲ, ಬೇಸಿಗೆಯಲ್ಲಿ ಹೇಗಿದ್ದರೂ ಫೋನ್ ತಾನೇ ವೇಗ ಇಳಿಸಿಕೊಳ್ಳುತ್ತದೆ. ಡಬ್ಬಿಯಲ್ಲಿ ಚಾರ್ಜರ್ ಇದೆಯೇ ಕೇಳಿ. ಐಫೋನ್, ಪಿಕ್ಸೆಲ್, ಸ್ಯಾಮ್‌ಸಂಗ್‌ಗಳ ಜೊತೆ ಬರುವುದಿಲ್ಲ. ಅದರ ಸಾವಿರ, ಎರಡು ಸಾವಿರ ಬಜೆಟ್‌ಗೆ ಸೇರಿಸಿ.

ಕೊಂಡ ಮೇಲೆ ಸೆಟ್ಟಿಂಗ್ಸ್‌ನಲ್ಲಿ ‘80ಕ್ಕೆ ಚಾರ್ಜ್ ನಿಲ್ಲಿಸು’ ಎಂಬ ಆಯ್ಕೆ ಇದ್ದರೆ ಬೇಸಿಗೆಯ ಮೂರು ತಿಂಗಳಾದರೂ ಹಾಕಿಡಿ. ತುಂಬಿದ ಬ್ಯಾಟರಿ ಬಿಸಿಯಲ್ಲಿ ಕೂತಷ್ಟೂ ಬೇಗ ಮುಪ್ಪಾಗುತ್ತದೆ. ಟ್ರ್ಯಾಕ್ಟರಿನ ಬಾನೆಟ್ ಮೇಲೆ, ಕಾರಿನ ಗಾಜಿನ ಹಿಂದೆ ಇಟ್ಟು ಹೋಗುವುದು ಅದಕ್ಕಿಂತ ಕೆಟ್ಟದ್ದು. ಹಿಂಬದಿ ಉಬ್ಬಿದ್ದು ಕಂಡರೆ ಆ ದಿನವೇ ಬಳಕೆ ನಿಲ್ಲಿಸಿ, ಒತ್ತಿ ಕೂರಿಸಲು ಹೋಗಬೇಡಿ.

ಪರದೆಯನ್ನು ಅಂಗಡಿಯ ಹೊರಗೆ ನೋಡಿ

ಟ್ಯೂಬ್‌ಲೈಟ್ ಕೆಳಗೆ ಎಲ್ಲ ಫೋನೂ ಚೆಂದ. ‘ಒಂದ್ ನಿಮಿಷ ಹೊರಗ ಬಿಸಿಲಾಗ ನೋಡ್ತೀನ್ರಿ’ ಎಂದು ಡೆಮೊ ಫೋನನ್ನು ಬಾಗಿಲ ತನಕ ಒಯ್ಯಿರಿ. ಸೇಲ್ಸ್‌ಮನ್ ಹಿಂದೆಯೇ ಬರಲಿ, ಅಡ್ಡಿಯಿಲ್ಲ. ಬ್ರೈಟ್‌ನೆಸ್ ಪೂರ್ತಿ ಏರಿಸಿ, ಬಿಳಿ ಹಿನ್ನೆಲೆಯ ವಾಟ್ಸ್‌ಆ್ಯಪ್ ಚಾಟ್ ಓದಿ. ಪರದೆಯ ಬೆಳಕಿನ ಅಳತೆ ನಿಟ್ಸ್. ಜಾಹೀರಾತಿನ ‘4,000 ನಿಟ್ಸ್ ಪೀಕ್’ ಅನ್ನುವುದು ಪರದೆಯ ಸಣ್ಣದೊಂದು ಭಾಗಕ್ಕೆ, ಅದೂ ಎಚ್‌ಡಿಆರ್ ವಿಡಿಯೊ ಓಡುವಾಗ. ನಿಮಗೆ ಬೇಕಾದ ಅಂಕಿ ‘ಎಚ್‌ಬಿಎಂ’ ಎಂದು ಬರೆದಿರುವ ಸಂಖ್ಯೆ, ಅಂದರೆ ಬಿಸಿಲಿನಲ್ಲಿ ಇಡೀ ಪರದೆ ಏರುವ ಬೆಳಕು. 1,000 ನಿಟ್ಸ್ ಇದ್ದರೆ ಬಯಲಿನಲ್ಲಿ ಓದಬಹುದು, 500ರ ಎಲ್‌ಸಿಡಿ ಇದ್ದರೆ ಟವೆಲ್ ಮುಸುಕು ಹಾಕಿಕೊಂಡು ನೋಡಬೇಕಾಗುತ್ತದೆ.

ಅಮೊಲೆಡ್ ಬಗೆಯ ಪರದೆಯಲ್ಲಿ ಬಣ್ಣ ಚೆನ್ನ, ಕಪ್ಪು ಅಚ್ಚ ಕಪ್ಪು, ಆದರೆ ಒಡೆದರೆ ಎಲ್‌ಸಿಡಿಗಿಂತ ತುಟ್ಟಿ. ಪದೇ ಪದೇ ಫೋನ್ ಬೀಳಿಸುವವರು, ಮನೆಯಲ್ಲಿ ಸಣ್ಣ ಮಕ್ಕಳಿರುವವರು ಇದನ್ನು ಯೋಚಿಸಿ. ಅಂಚು ಬಾಗಿದ ಪರದೆಗೆ ಸಾಮಾನ್ಯ ಗ್ಲಾಸ್ ಗಾರ್ಡ್ ಕೂರುವುದಿಲ್ಲ. ಸೆಕೆಂಡಿಗೆ 120 ಸಲ ಚಿತ್ರ ಬದಲಿಸುವ 120 ಹರ್ಟ್ಸ್ ಪರದೆ ಕಣ್ಣಿಗೆ ಹಿತ, ಬ್ಯಾಟರಿಗೆ ಭಾರ, 90 ಸಾಕು.

ಧೂಳು, ನೀರು, ಸವೆದ ಬೆರಳು

ವಾಡಿ, ಸೇಡಂ ಕಡೆಯ ಸಿಮೆಂಟ್, ಶಹಾಬಾದ್‌ನ ಕಲ್ಲು ಪಾಲಿಶ್, ದಾಲ್ ಮಿಲ್‌ಗಳ ಹೊಟ್ಟು: ನಮ್ಮಲ್ಲಿ ಫೋನ್ ಕೊಲ್ಲುವುದು ನೀರಿಗಿಂತ ಹೆಚ್ಚಾಗಿ ಧೂಳೇ. ಧೂಳು-ನೀರು ಎಷ್ಟು ತಡೆಯುತ್ತದೆ ಎಂದು ಹೇಳುವ ಐಪಿ ಅಂಕಿಯಲ್ಲಿ ಮೊದಲನೆಯದು ಧೂಳಿನದು, ಎರಡನೆಯದು ನೀರಿನದು. ಐಪಿ54 ಎಂದರೆ ಸ್ವಲ್ಪ ಧೂಳು ಒಳಹೋಗಬಹುದು, ಎರಚಿದ ನೀರು ತಡೆದೀತು. ಐಪಿ64ರ 6 ಎಂದರೆ ಧೂಳಿಗೆ ಪೂರ್ತಿ ಬಂದ್. ಐಪಿ67 ಇದ್ದರೆ ಒಂದು ಮೀಟರ್ ಸಿಹಿನೀರಿನಲ್ಲಿ ಅರ್ಧ ಗಂಟೆ. ಆದರೂ ನೀರು ಹೊಕ್ಕು ಕೆಟ್ಟರೆ ವಾರಂಟಿಯಲ್ಲಿ ಸಾಮಾನ್ಯವಾಗಿ ಬರುವುದಿಲ್ಲ. ಮಿಲ್, ಕ್ವಾರಿ, ಗೌಂಡಿ ಕೆಲಸದವರು ಮೊದಲ ಅಂಕಿ 6 ಇರುವುದನ್ನೇ ಹುಡುಕಿ. ಚಾರ್ಜಿಂಗ್ ತೂತಿನಲ್ಲಿ ಧೂಳು ಗಟ್ಟಿಯಾಗಿ ಪಿನ್ ಸಡಿಲವಾದರೆ ಫೋನ್ ಆಫ್ ಮಾಡಿ ಕಟ್ಟಿಗೆಯ ಹಲ್ಲುಕಡ್ಡಿಯಿಂದ ಮೆಲ್ಲಗೆ ಕೆದಕಿ. ಪಿನ್ನು, ಸೂಜಿ ಹಾಕಿದರೆ ಒಳಗಿನ ಕಾಲುಗಳು ಬಾಗುತ್ತವೆ.

ಬೆರಳಚ್ಚಿನ ವಿಷಯ ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಸಿಮೆಂಟ್, ಮಣ್ಣು, ಕಲ್ಲಿನ ಕೆಲಸದಲ್ಲಿ ಬೆರಳ ಗೆರೆ ಸವೆದಿರುತ್ತದೆ. ಪರದೆಯೊಳಗಿನ ಆಪ್ಟಿಕಲ್ ಸೆನ್ಸರ್ ಇಂಥ ಬೆರಳಿಗೆ ಪದೇ ಪದೇ ‘ಮತ್ತೆ ಪ್ರಯತ್ನಿಸಿ’ ಎನ್ನುತ್ತದೆ, ಬಿಸಿಲಲ್ಲಿ ಇನ್ನೂ ಹೆಚ್ಚು. ಪವರ್ ಬಟನ್‌ನಲ್ಲೇ ಇರುವ ಪಕ್ಕದ ಸೆನ್ಸರ್ ಅಗ್ಗವಾದರೂ ಹೆಚ್ಚು ನಂಬಿಕಸ್ಥ. ಬಳಸುವವರ ಬೆರಳನ್ನೇ ಇಟ್ಟು ಹತ್ತು ಸಲ ತೆರೆಸಿ ನೋಡಿ, ಏಳು ಸಲವಾದರೂ ತೆರೆಯಬೇಕು. ಜೋಳದ ಹಿಟ್ಟು ಮೆತ್ತಿದ ಕೈಗೆ ಯಾವುದೂ ತೆರೆಯುವುದಿಲ್ಲ, ಅದು ಬೇರೆ.

ರ‍್ಯಾಮ್, ಸ್ಟೋರೇಜ್, ಚಿಪ್

‘16 ಜಿಬಿ ರ‍್ಯಾಮ್’ ಎಂದು ಬರೆದ ಡಬ್ಬಿಯನ್ನು ತಿರುಗಿಸಿ ಓದಿದರೆ ‘8+8’ ಎಂದಿರುತ್ತದೆ. ಎರಡನೇ 8 ನಿಜವಾದ ರ‍್ಯಾಮ್ ಅಲ್ಲ. ಸ್ಟೋರೇಜ್‌ನಿಂದ ಕಡ ತಂದ ಜಾಗ, ರ‍್ಯಾಮ್‌ಗಿಂತ ಎಷ್ಟೋ ಪಾಲು ನಿಧಾನ. ಲೆಕ್ಕಕ್ಕೆ ಮೊದಲ ಅಂಕಿಯನ್ನಷ್ಟೇ ಹಿಡಿಯಿರಿ. ಕರೆ, ವಾಟ್ಸ್‌ಆ್ಯಪ್, ಫೋನ್‌ಪೇ, ಯೂಟ್ಯೂಬ್ ಇಷ್ಟಕ್ಕೆ 6 ಜಿಬಿ. ನಾಲ್ಕು ವರ್ಷ ಬಾಳಬೇಕೆಂದರೆ 8. ಸ್ಟೋರೇಜ್ 128ಕ್ಕಿಂತ ಕಡಿಮೆ ಬೇಡ. ಫೋನಿನ ಸ್ವಂತ ಸಾಮಾನೇ ಅದರಲ್ಲಿ 20 ಜಿಬಿ ಆಸುಪಾಸು ತಿಂದಿರುತ್ತದೆ. ಸ್ಟೋರೇಜ್ ಬಗೆಯನ್ನೂ ಕೇಳಿ: ಇಎಂಎಂಸಿ 5.1 ಇದ್ದರೆ ವರ್ಷ ತುಂಬುವಷ್ಟರಲ್ಲಿ ಎಮ್ಮೆಯಂತೆ ಕೂರುತ್ತದೆ, ಯುಎಫ್‌ಎಸ್ 2.2 ಅಥವಾ ಮೇಲಿನದು ಇರಲಿ. ಮೆಮೊರಿ ಕಾರ್ಡ್ ಫೋಟೊ, ಹಾಡು, ಭಜನೆಗೆ ಸರಿ; ಆ್ಯಪ್‌ಗಳನ್ನು ಅದರಲ್ಲಿಟ್ಟು ವೇಗ ನಿರೀಕ್ಷಿಸಬೇಡಿ.

ಚಿಪ್‌ಗಳ ಹೆಸರು ಮೋಸಗಾರ. ಮೀಡಿಯಾಟೆಕ್‌ನ ಡೈಮೆನ್ಸಿಟಿ 810 ಎಂಬುದೇ ಹೆಸರು ಬದಲಿಸಿ 6080 ಆಗಿ ಬಂತು. ದೊಡ್ಡ ಸಂಖ್ಯೆ ಕಂಡು ಹೊಸದೆಂದು ಕೊಳ್ಳಬೇಡಿ. ಸರಣಿ ನೋಡಿ: ಸ್ನ್ಯಾಪ್‌ಡ್ರ್ಯಾಗನ್ 4 ಅಥವಾ ಡೈಮೆನ್ಸಿಟಿ 6000 ಸರಣಿ ದಿನಬಳಕೆಗೆ, 7 ಅಥವಾ 7000 ಆಟ ಆಡುವ ಹುಡುಗರಿಗೆ, 8 ಅಥವಾ 8000 ಮತ್ತು ಮೇಲಿನದು ವಿಡಿಯೊ ಎಡಿಟ್ ಮಾಡುವವರಿಗೆ.

ಅಪ್‌ಡೇಟ್ ಎಷ್ಟು ವರ್ಷ ಎಂಬುದನ್ನು ಫೋನ್ ಬಿಡುಗಡೆಯಾದ ದಿನದಿಂದ ಎಣಿಸಿ, ನೀವು ಕೊಂಡ ದಿನದಿಂದಲ್ಲ. ಮೂರು ವರ್ಷದ ಭರವಸೆಯ ಫೋನ್ ಎರಡು ವರ್ಷ ಹಳೆಯದಾದರೆ ನಿಮಗೆ ಉಳಿದದ್ದು ಒಂದೇ. ಪಿಕ್ಸೆಲ್ 8, ಗ್ಯಾಲಕ್ಸಿ ಎಸ್24ರಿಂದೀಚೆ ಆ ಸರಣಿಗಳಿಗೆ 7 ವರ್ಷದ ಮಾತು ಕೊಟ್ಟಿದ್ದಾರೆ. ಅಗ್ಗದ ಫೋನುಗಳಲ್ಲಿ ಕೆಲವಕ್ಕೆ ಒಂದೋ ಎರಡೋ. ಹಳಸಿದ ಫೋನಿನಲ್ಲಿ ಮೊದಲು ಮುನಿಸಿಕೊಳ್ಳುವುದು ಬ್ಯಾಂಕ್ ಆ್ಯಪ್.

ಹೊಲ ಅಳೆಯುವವರಿಗೆ ಒಂದು ಗುಟ್ಟು: ಅಗ್ಗದ ಎಷ್ಟೋ ಫೋನುಗಳಲ್ಲಿ ದಿಕ್ಸೂಚಿ ಸೆನ್ಸರೇ ಇರುವುದಿಲ್ಲ. ನಕ್ಷೆಯಲ್ಲಿ ನೀವು ನಿಂತ ಜಾಗ ಕಾಣುತ್ತದೆ, ಮುಖ ಯಾವ ಕಡೆ ಎಂಬುದು ಮಾತ್ರ ನಡೆಯಲು ಶುರು ಮಾಡುವವರೆಗೆ ತಿಳಿಯದು. ಅಂಗಡಿ ಹೊರಗೆ ಗೂಗಲ್ ಮ್ಯಾಪ್ಸ್ ತೆರೆದು, ನಿಂತಲ್ಲೇ ಒಂದು ಸುತ್ತು ತಿರುಗಿ. ನೀಲಿ ಚುಕ್ಕೆಯ ಮುಂದಿನ ಬೆಳಕು ನಿಮ್ಮ ಜೊತೆ ತಿರುಗಿದರೆ ಸೆನ್ಸರ್ ಇದೆ.

ಕ್ಯಾಮೆರಾ: ಬಿದ್ರಿ ಹೂಜಿಯ ಪರೀಕ್ಷೆ

ಮೆಗಾಪಿಕ್ಸೆಲ್ ಮರೆತುಬಿಡಿ. 50 ಮೆಗಾಪಿಕ್ಸೆಲ್ ಕ್ಯಾಮೆರಾ ನಾಲ್ಕು ನಾಲ್ಕು ಚುಕ್ಕೆ ಕೂಡಿಸಿ 12.5 ಮೆಗಾಪಿಕ್ಸೆಲ್‌ನ ಫೋಟೊ ಕೊಡುತ್ತದೆ. ಹಿಂದಿರುವ ಮೂರು ಕಣ್ಣುಗಳಲ್ಲಿ 2 ಮೆಗಾಪಿಕ್ಸೆಲ್‌ನ ‘ಮ್ಯಾಕ್ರೊ’, ‘ಡೆಪ್ತ್’ ಇದ್ದರೆ ಅವು ಅಲಂಕಾರಕ್ಕೆ. ಬೆಲೆ ಕೊಡಬೇಕಾದದ್ದು ಓಐಎಸ್‌ಗೆ: ಕೈ ನಡುಕವನ್ನು ಲೆನ್ಸ್ ತಾನೇ ಸರಿದು ಸರಿಮಾಡುವ ವ್ಯವಸ್ಥೆ. ಸಂಜೆ ಬೆಳಕಿನಲ್ಲಿ, ಜಾತ್ರೆಯ ರಾತ್ರಿಯಲ್ಲಿ ಫೋಟೊ ಮಸುಕಾಗದಿರುವುದು ಇದರಿಂದ. ಇಂಥ ಫೋನನ್ನು ಬೈಕ್ ಹ್ಯಾಂಡಲ್‌ಗೆ ಸಿಕ್ಕಿಸಿಕೊಂಡು ಓಡಾಡಿದರೆ ಇಂಜಿನ್ ನಡುಕಕ್ಕೆ ಅದೇ ಓಐಎಸ್ ಕೆಡಬಹುದು, ಜೇಬಿನಲ್ಲಿರಲಿ.

ಸಾಮಾನು ಮಾರಲು ಫೋಟೊ ತೆಗೆಯುವವರಿಗೆ ಬಿದ್ರಿಯಷ್ಟು ಕಠಿಣ ಪರೀಕ್ಷೆ ಇನ್ನೊಂದಿಲ್ಲ. ಸತು-ತಾಮ್ರದ ಮಿಶ್ರಣದ ಮೈಗೆ ಬೀದರ್ ಕೋಟೆಯ ಮಣ್ಣಿನಿಂದ ಬಂದ ಅಚ್ಚ ಕಪ್ಪು, ಅದರೊಳಗೆ ಬೆಳ್ಳಿಯ ಎಳೆ. ಕ್ಯಾಮೆರಾ ತಾನಾಗಿ ಬೆಳಕು ಅಳೆಯುವಾಗ ಎಲ್ಲವನ್ನೂ ನಡುವಿನ ಬೂದು ಬಣ್ಣಕ್ಕೆ ತರಲು ನೋಡುತ್ತದೆ. ಚೌಕಟ್ಟಿನ ತುಂಬ ಕಪ್ಪೇ ಇದ್ದರೆ ‘ಕತ್ತಲಿದೆ’ ಎಂದುಕೊಂಡು ಬೆಳಕು ಏರಿಸುತ್ತದೆ. ಕಪ್ಪು ಬೂದಿಯಾಯಿತು, ಬೆಳ್ಳಿ ಬಿಳಿ ಮಚ್ಚೆಯಾಯಿತು, ಕುಸುರಿ ಹೋಯಿತು. ಗಿರಾಕಿ ‘ಇದು ಡೂಪ್ಲಿಕೇಟ್ ಅದ ಏನ್ರಿ’ ಅಂದರೆ ತಪ್ಪು ಅವನದಲ್ಲ. ಅಂಗಡಿಗೆ ಒಂದು ಸಣ್ಣ ಬಿದ್ರಿ ಡಬ್ಬಿಯನ್ನೇ ಒಯ್ಯಿರಿ. ಬೆಳ್ಳಿಯ ಮೇಲೆ ಬೆರಳಿಟ್ಟು ಫೋಕಸ್ ಮಾಡಿ, ಪಕ್ಕದಲ್ಲಿ ಮೂಡುವ ಸೂರ್ಯನ ಚಿಹ್ನೆಯನ್ನು ಕೆಳಗೆಳೆಯಿರಿ. ಪ್ರೊ ಮೋಡ್ ಇದ್ದರೆ ಎಕ್ಸ್‌ಪೋಶರ್ −0.7ರಿಂದ −1. ಕಪ್ಪು ಕಪ್ಪಾಗಿಯೇ ಉಳಿದು ಎಳೆ ಎಳೆಯೂ ಬಿಡಿಯಾಗಿ ಕಾಣುವ ಫೋನ್ ನಿಮ್ಮದು. ತೀರಾ ಹತ್ತಿರ ಹೋಗಿ ತೆಗೆದರೆ ಹೂಜಿಯ ಹೊಟ್ಟೆ ಉಬ್ಬಿ ಕಾಣುತ್ತದೆ. ಎರಡು ಹೆಜ್ಜೆ ಹಿಂದೆ ಸರಿದು 2ಎಕ್ಸ್‌ನಲ್ಲಿ ತೆಗೆಯಿರಿ, ನೇರ ಬಿಸಿಲು ಬೇಡ, ಪಡಸಾಲೆಯ ನೆರಳಿನ ಬೆಳಕು ಸಾಕು.

ಮನೆಮಂದಿಯ ಫೋಟೊಗೆ ಪರೀಕ್ಷೆ ಸುಲಭ. ಬ್ಯೂಟಿ ಮೋಡ್ ಆಫ್ ಮಾಡಿ ಮೂವರನ್ನು ನಿಲ್ಲಿಸಿ ತೆಗೆಯಿರಿ. ಮುಖಕ್ಕೆ ಪೌಡರ್ ಮೆತ್ತಿದ ಹಾಗೆ ಬಂದರೆ ಬೇಡ.

ಭಾಷೆ

ಕನ್ನಡ ಈಗ ಎಲ್ಲ ಆ್ಯಂಡ್ರಾಯ್ಡ್‌ನಲ್ಲೂ ಐಫೋನ್‌ನಲ್ಲೂ ಇದೆ, ಅದಕ್ಕಾಗಿ ಫೋನ್ ಬದಲಿಸಬೇಕಿಲ್ಲ. ಒಂದೇ ಮನೆಯಲ್ಲಿ ಕನ್ನಡ, ಉರ್ದು, ಮರಾಠಿ ಮೂರೂ ನಡೆಯುವ ಕಡೆ ಜಿಬೋರ್ಡ್‌ನಲ್ಲಿ ಮೂರನ್ನೂ ಸೇರಿಸಿ, ಸ್ಪೇಸ್ ಬಾರ್ ಒತ್ತಿ ಹಿಡಿದರೆ ಬದಲಾಗುತ್ತದೆ. ಟೈಪ್ ಬಾರದವರಿಗೆ ಮೈಕ್ ಒತ್ತಿ ಮಾತಾಡುವುದನ್ನು ತೋರಿಸಿಕೊಡಿ.

ಕೆಟ್ಟರೆ ಎಲ್ಲಿಗೆ?

ಹೆಸರು ಗೊತ್ತಾದ ಮೇಲೆ ಕಂಪನಿಯ ಜಾಲತಾಣದಲ್ಲಿ ‘ಸರ್ವಿಸ್ ಸೆಂಟರ್’ ತೆರೆದು ನಿಮ್ಮ ಪಿನ್‌ಕೋಡ್ ಹಾಕಿ. ಯಾದಗಿರಿಗೆ ಇಲ್ಲದೆ ಕಲಬುರಗಿಗೆ ಹೋಗಬೇಕೇ, ಬೀದರ್‌ನಿಂದ ಹೈದರಾಬಾದ್‌ಗೇ ಓಡಬೇಕೇ ಎಂಬುದು ಕೊಳ್ಳುವ ಮುಂಚೆ ತಿಳಿದಿರಲಿ. ಅಲ್ಲೇ ಬಿಡಿಭಾಗಗಳ ಬೆಲೆಯನ್ನೂ ಹಲವು ಕಂಪನಿಗಳು ಹಾಕಿರುತ್ತವೆ. ಡಿಸ್‌ಪ್ಲೇ ಬೆಲೆ ಫೋನ್ ಬೆಲೆಯ ಮೂರನೇ ಒಂದು ಪಾಲಿಗಿಂತ ಹೆಚ್ಚಿದ್ದರೆ ಎರಡು ಸಲ ಯೋಚಿಸಿ. ವಾರಂಟಿ ಫೋನಿಗೆ 1 ವರ್ಷ, ಚಾರ್ಜರ್-ಕೇಬಲ್‌ಗೆ ಸಾಮಾನ್ಯವಾಗಿ 6 ತಿಂಗಳು. ‘ಶಾಪ್ ವಾರಂಟಿ’ ಎಂಬುದು ಕಂಪನಿಯ ವಾರಂಟಿ ಅಲ್ಲ.

ದುಡ್ಡಿನ ಲೆಕ್ಕ

ಆನ್‌ಲೈನ್‌ನ ದೊಡ್ಡ ಸೇಲ್ ಬರುವುದು ದಸರಾ-ದೀಪಾವಳಿಗೆ, ತೊಗರಿ ಹೊಲದಲ್ಲೇ ಹೂವು-ಕಾಯಿಯಾಗಿರುವಾಗ. ರಾಶಿ ಆಗಿ ದುಡ್ಡು ಕೈಗೆ ಬರುವುದು ಸಂಕ್ರಾಂತಿ ಆಸುಪಾಸು. ಈ ನಡುವಿನ ಮೂರು ತಿಂಗಳಲ್ಲೇ ಕಂತಿನ ವ್ಯಾಪಾರ ಜೋರು. ಜನವರಿಯಲ್ಲಿ ಗಣರಾಜ್ಯೋತ್ಸವದ ಸೇಲ್ ಬರುತ್ತದೆ. ಹಳೆ ಫೋನ್ ಅಲ್ಲಿಯವರೆಗೆ ಎಳೆಯುವಂತಿದ್ದರೆ ಎಳೆಯಿರಿ.

ಕಂತು ಎಷ್ಟು ಬೀಳುತ್ತದೆಂದು ಒಂದು ಉದಾಹರಣೆ. ಫೋನ್ 16,000. ಮುಂಗಡ 4,000, ಕಂತು 1,350ರಂತೆ 10, ಫೈಲ್ ಚಾರ್ಜ್ 700. ಒಟ್ಟು ಕೊಟ್ಟದ್ದು 18,200, ಹೆಚ್ಚಿಗೆ 2,200. ‘ಅಷ್ಟೇ ಏನು’ ಅನ್ನಿಸಬಹುದು. ಆದರೆ ಸಾಲ 12,000 ಇದ್ದದ್ದು ಮೊದಲ ತಿಂಗಳು ಮಾತ್ರ. ತಿಂಗಳು ತಿಂಗಳು ಕರಗುತ್ತ ಸರಾಸರಿ 6,600ರಷ್ಟೇ ನಿಮ್ಮ ಕೈಯಲ್ಲಿತ್ತು. ಅದಕ್ಕೆ ಹತ್ತು ತಿಂಗಳಿಗೆ 2,200 ಎಂದರೆ ವರ್ಷಕ್ಕೆ ಶೇ 40ರ ಆಸುಪಾಸಿನ ಬಡ್ಡಿ. ಊರಿನ ಸಾಹುಕಾರ ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿ ಕೇಳಿದರೆ ಬೈಯುತ್ತೇವೆ, ಇದು ಅದಕ್ಕಿಂತ ಜಾಸ್ತಿ. ‘ಜೀರೊ ಬಡ್ಡಿ’ ಅಂದವರಿಗೂ ಒಟ್ಟು ಎಷ್ಟು ಕಟ್ಟಬೇಕು ಎಂದು ಬರೆಸಿ ಕೇಳಿ, ನಗದಿಗೆ ಎಷ್ಟು ಎಂದೂ ಕೇಳಿ. ಕಂತಿನ ಫೋನುಗಳಲ್ಲಿ ಕೆಲವಕ್ಕೆ ಬೀಗದ ಆ್ಯಪ್ ಹಾಕಿರುತ್ತಾರೆ, ಒಂದು ಕಂತು ತಪ್ಪಿದರೆ ಫೋನ್ ಲಾಕ್. ಕೊನೆಯ ಕಂತಾದ ಮೇಲೆ ಸಾಲ ತೀರಿತೆಂಬ ಪತ್ರ, ಅಂದರೆ ಎನ್‌ಒಸಿ ತೆಗೆದುಕೊಂಡು ಆ ಆ್ಯಪ್ ತೆಗೆಸಿ.

ಬೆಲೆಯಲ್ಲಿ ಶೇ 18 ಜಿಎಸ್‌ಟಿ ಸೇರಿರುತ್ತದೆ. 15,000ದ ಫೋನಿನಲ್ಲಿ ಸುಮಾರು 2,288. ‘ಬಿಲ್ ಬ್ಯಾಡಂದ್ರ ಐನೂರು ಬಿಡ್ತೀನ್ರಿ’ ಅಂದರೆ ಆ ಐನೂರಕ್ಕೆ ನಿಮ್ಮ ವಾರಂಟಿ ಹೋಯಿತು. ಅಂಗಡಿ, ಮಿಲ್ ನಡೆಸುವವರು ವ್ಯವಹಾರಕ್ಕೆ ಕೊಳ್ಳುತ್ತಿದ್ದರೆ ತಮ್ಮ ಜಿಎಸ್‌ಟಿ ನಂಬರ್ ಹಾಕಿಸಿಯೇ ಬಿಲ್ ಮಾಡಿಸಲಿ.

ಕೌಂಟರ್‌ನಲ್ಲಿ ಇಪ್ಪತ್ತು ನಿಮಿಷ

ಸೀಲ್ ಇರುವ ಡಬ್ಬಿಯನ್ನು ದುಡ್ಡು ಕೊಡುವ ಮೊದಲು ಒಡೆಯಲು ಬಿಡುವುದಿಲ್ಲ. ಮೇಲಿನ ಪರೀಕ್ಷೆಗಳನ್ನೆಲ್ಲ ಡೆಮೊ ಫೋನಿನಲ್ಲಿ ಮುಗಿಸಿ, ದುಡ್ಡು ಕೊಟ್ಟು, ಅಲ್ಲೇ ನಿಂತು ಸೀಲ್ ಒಡೆಸಿ. ಜೊತೆಗೆ ಬಂದವರು ವಿಡಿಯೊ ಮಾಡಲಿ. ಆನ್‌ಲೈನ್ ಪಾರ್ಸೆಲ್‌ಗೂ ಹಾಗೇ: ಅಂಟುಪಟ್ಟಿ ಕತ್ತರಿಸುವ ಮೊದಲಿನಿಂದ ಫೋನ್ ಆನ್ ಆಗುವವರೆಗೆ ನಡುವೆ ನಿಲ್ಲಿಸದ ಒಂದೇ ವಿಡಿಯೊ.

ಮೊದಲು *#06# ಒತ್ತಿ. ಬರುವ, ಪ್ರತಿ ಫೋನಿಗೂ ಬೇರೆಯಾದ 15 ಅಂಕಿಯ ಐಎಂಇಐ ನಂಬರ್ ಡಬ್ಬಿಯಲ್ಲಿ, ಬಿಲ್‌ನಲ್ಲಿ ಒಂದೇ ಇರಬೇಕು. ಇಂಗ್ಲಿಷ್ ಅಕ್ಷರದಲ್ಲಿ ಕೆವೈಎಂ ಎಂದು ಬರೆದು, ಜಾಗ ಬಿಟ್ಟು ಆ ನಂಬರ್ ಹಾಕಿ 14422ಕ್ಕೆ ಎಸ್‌ಎಂಎಸ್ ಮಾಡಿದರೆ ಅದು ಯಾವ ಮಾಡೆಲ್, ಬ್ಲಾಕ್ ಆಗಿದೆಯೇ ಎಂಬುದು ಬರುತ್ತದೆ. ಸೆಕೆಂಡ್ ಹ್ಯಾಂಡ್‌ಗೆ ಇದು ಕಡ್ಡಾಯ. ಕಳ್ಳಮಾಲಾದರೆ ಪೊಲೀಸರು ಬರುವುದು ನಿಮ್ಮ ಮನೆಗೇ. ಮಾರುವವರ ಗೂಗಲ್ ಖಾತೆಯನ್ನು ನಿಮ್ಮ ಕಣ್ಣೆದುರೇ ತೆಗೆಸಿ ರೀಸೆಟ್ ಮಾಡಿಸಿದ ಮೇಲಷ್ಟೇ ದುಡ್ಡು ಕೊಡಿ, ಇಲ್ಲದಿದ್ದರೆ ಮನೆಗೆ ಬಂದ ಮೇಲೆ ಹಳೆ ಪಾಸ್‌ವರ್ಡ್ ಕೇಳಿ ಕೂರುತ್ತದೆ.

ಆಮೇಲೆ ಪರದೆ. ಸ್ಯಾಮ್‌ಸಂಗ್‌ನಲ್ಲಿ *#0*#, ಶಿಯೋಮಿಯಲ್ಲಿ *#*#6484#*#* ಒತ್ತಿದರೆ ಪರೀಕ್ಷೆಯ ಪಟ್ಟಿ ತೆರೆಯುತ್ತದೆ. ಕೆಂಪು, ಹಸಿರು, ನೀಲಿ, ಬಿಳಿ ಒಂದೊಂದಾಗಿ ತುಂಬಿಸಿ ಸತ್ತ ಚುಕ್ಕೆ ಇದೆಯೇ ನೋಡಿ. ಒಂದು ಐಕಾನ್ ಒತ್ತಿ ಹಿಡಿದು ಪರದೆಯ ಮೂಲೆ ಮೂಲೆಗೂ ಎಳೆಯಿರಿ. ಎಲ್ಲಾದರೂ ಕೈಬಿಟ್ಟರೆ ಅಲ್ಲಿ ಟಚ್ ಕೆಲಸ ಮಾಡುತ್ತಿಲ್ಲ. ಎರಡೂ ಸಿಮ್ ಹಾಕಿ ಎರಡರಿಂದಲೂ ಕರೆ ಮಾಡಿ. ಒಂದು ಸಲ ಕಿವಿಗಿಟ್ಟು, ಒಂದು ಸಲ ಸ್ಪೀಕರ್‌ನಲ್ಲಿ. ಗಾರ್ಡ್ ಹಾಕಿಸಿದ ಮೇಲೆ ಮತ್ತೊಮ್ಮೆ ಕರೆ ಮಾಡಿ, ಅಡ್ಡಾದಿಡ್ಡಿ ಅಂಟಿಸಿದ ಗಾರ್ಡ್ ಕಿವಿಯ ತೂತನ್ನೇ ಮುಚ್ಚಿರುತ್ತದೆ. ಹತ್ತು ನಿಮಿಷ ವಿಡಿಯೊ ರೆಕಾರ್ಡ್‌ಗೆ ಬಿಟ್ಟು ಹಿಂಬದಿ ಮುಟ್ಟಿ ನೋಡಿ. ಬೆಚ್ಚಗಾಗುವುದು ಸಹಜ, ಕೈ ಹಿಡಿಯದಷ್ಟು ಸುಟ್ಟರೆ ಬೇಡ. ಸೇಲ್ಸ್‌ಮನ್ ಮುಖ ಸಿಂಡರಿಸಬಹುದು. ‘ಕಾಕಾ, ಎಲ್ಲಾ ಕಂಪನಿದ್ದೇ ಅದ, ಯಾಕ್ ಚಿಂತಿ ಮಾಡ್ತೀರಿ’ ಅನ್ನಬಹುದು. ಚಿಂತೆ ಈಗಲೇ ಮಾಡಿದರೆ ಅಗ್ಗ.

ಮೊದಲ ವಾರ

ಆನ್‌ಲೈನ್‌ನಲ್ಲಿ ಬದಲಿಗೆ ಸಾಮಾನ್ಯವಾಗಿ 7 ದಿನ. ಅಂಗಡಿಯಲ್ಲಿ ಎಷ್ಟು ದಿನ ಎಂದು ಬಿಲ್ ಹಿಂದೆ ಬರೆಸಿಕೊಳ್ಳಿ. ಆ ದಿನಗಳಲ್ಲಿ ಫೋನನ್ನು ಮುದ್ದು ಮಾಡಬೇಡಿ, ದುಡಿಸಿ. ಹೊಲಕ್ಕೆ ಒಯ್ಯಿರಿ, ಮಧ್ಯಾಹ್ನ ಕರೆ ಮಾಡಿ, ಸೊನ್ನೆಯಿಂದ ನೂರಕ್ಕೆ ಒಮ್ಮೆ ಚಾರ್ಜ್ ಮಾಡಿ ಗಡಿಯಾರ ನೋಡಿ, ರಾತ್ರಿ ಮಲಗುವಾಗ ಮತ್ತು ಏಳುವಾಗ ಬ್ಯಾಟರಿ ಎಷ್ಟಿತ್ತು ಗುರುತು ಹಾಕಿ. ಮೊದಲೆರಡು ದಿನ ಹೆಚ್ಚು ಇಳಿದರೂ ಮೂರನೇ ದಿನಕ್ಕೆ ರಾತ್ರಿಯ ಇಳಿತ ಶೇ 5ರ ಒಳಗೆ ಬರಬೇಕು. ದೋಷ ಕಂಡರೆ ಬಾಯಿಮಾತು ಬೇಡ, ಜಾಬ್‌ಶೀಟ್ ಬರೆಸಿ. ಸತಾಯಿಸಿದರೆ ಗ್ರಾಹಕ ಸಹಾಯವಾಣಿ 1915. ಜಿಲ್ಲಾ ಗ್ರಾಹಕರ ಆಯೋಗದಲ್ಲಿ ಕೊಂಡ ಬೆಲೆ 5 ಲಕ್ಷದವರೆಗಿನ ದೂರಿಗೆ ಶುಲ್ಕವಿಲ್ಲ.

ಇದೆಲ್ಲಕ್ಕೂ ಬಿಲ್ ಬೇಕು. ಅಂಗಡಿಯ ಸಣ್ಣ ಯಂತ್ರದಿಂದ ಬರುವ ನುಣುಪು ಕಾಗದದ ಮೇಲೆ ಶಾಯಿ ಇರುವುದಿಲ್ಲ, ಶಾಖದಿಂದ ಮೂಡಿದ ಅಕ್ಷರ ಅದು. ಒಂದು ಬೇಸಿಗೆ ಕಳೆಯುವಷ್ಟರಲ್ಲಿ ಅಕ್ಷರ ಮಾಸುತ್ತದೆ, ಇಲ್ಲವೇ ಕಾಗದವೇ ಕಪ್ಪಾಗುತ್ತದೆ. ಕೊಂಡ ದಿನವೇ ಬಿಲ್ ಮತ್ತು ಡಬ್ಬಿಯ ಐಎಂಇಐ ಚೀಟಿಯ ಫೋಟೊ ತೆಗೆದು ಮನೆಯ ಇನ್ನೊಬ್ಬರ ವಾಟ್ಸ್‌ಆ್ಯಪ್‌ಗೆ ಕಳಿಸಿಡಿ. ಹೊಸ ಫೋನಿನಲ್ಲೇ ಇಟ್ಟುಕೊಂಡರೆ ಫೋನ್ ಕಳೆದ ದಿನ ಬಿಲ್ಲೂ ಅದರ ಜೊತೆಗೇ ಹೋಗುತ್ತದೆ.